ಮೆಮೊರಿ ಕಾರ್ಡ್‌ಗೆ ಧಾರಾವಾಹಿ ಹಾಕಿಕೊಡಬಹುದೇ? ಶಿಡ್ಲಘಟ್ಟದ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ (ಶಿಡ್ಲಘಟ್ಟ, ಮೊಬೈಲ್ ಅಂಗಡಿ)

ಎಲ್ಲರಿಗೂ ನಮಸ್ಕಾರ. ನನ್ನದು ಚಿಕ್ಕ ಅಂಗಡಿ. ರೀಚಾರ್ಜ್, ಡಿಸ್‌ಪ್ಲೇ ಬದಲಿಸುವುದು, ಚಾರ್ಜರ್ ಮಾರಾಟ, ಇಷ್ಟೇ ವ್ಯಾಪಾರ. ನಮ್ಮೂರಿನ ರೀಲಿಂಗ್ ಘಟಕಗಳಲ್ಲಿ ರೇಷ್ಮೆ ನೂಲು ತೆಗೆಯುವ ಹೆಣ್ಣುಮಕ್ಕಳು ಮೆಮೊರಿ ಕಾರ್ಡ್ ತಂದು, "ಅಣ್ಣ, ಈ ವಾರದ ಧಾರಾವಾಹಿ ಹಾಕಿಕೊಡಿ" ಎಂದು ಕೇಳುತ್ತಾರೆ. ರಾತ್ರಿ ಪ್ರಸಾರದ ಹೊತ್ತಿಗೆ ಅವರಿಗೆ ಅಡುಗೆ ಕೆಲಸ ಇರುತ್ತದೆ, ಘಟಕದೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಬೇರೆ ಕೆಲವು ಅಂಗಡಿಯವರು ಟೆಲಿಗ್ರಾಂ, ಟೊರೆಂಟ್‌ಗಳಿಂದ ಇಳಿಸಿ, ಒಂದು ಕಾರ್ಡ್‌ಗೆ ಇಷ್ಟು ಎಂದು ಹಣ ಪಡೆಯುತ್ತಾರೆ. ನಾನು ಇದುವರೆಗೆ ಮಾಡಿಲ್ಲ, ಆದರೆ ಗಿರಾಕಿಗಳು ಅತ್ತ ಹೋಗುತ್ತಿದ್ದಾರೆ. ಮನೆಯಲ್ಲಿ ನನ್ನ ತಾಯಿಗೂ ದೂರದರ್ಶನದ ಕಾಲದ ಒಂದು ಧಾರಾವಾಹಿಯನ್ನು ಮತ್ತೆ ನೋಡುವ ಆಸೆ ಇದೆ. ಹುಡುಕಿದರೆ ಕಳ್ಳ ತಾಣದಲ್ಲಿ ಮಾತ್ರ ಕಾಣುತ್ತಿದೆ. ಅಂಗಡಿಯಲ್ಲಿ ಹಾಕಿಕೊಡುವುದು, ತಾಯಿಗಾಗಿ ಇಳಿಸುವುದು ಎರಡೂ ಒಂದೇ ತಪ್ಪೇ? ಕಾನೂನು ಗೊತ್ತಿರುವವರು, ಈ ದಾರಿಯಲ್ಲಿ ನಡೆದು ನೋಡಿದವರು ತಿಳಿಸಿ.

ಚಿಂತಾಮಣಿಯಿಂದ, ಹಿಂದೆ ಸಿ.ಡಿ. ಬಾಡಿಗೆ ಅಂಗಡಿ ನಡೆಸುತ್ತಿದ್ದವರು

ಅಂಗಡಿಯಲ್ಲಿ ಮಾಡಬೇಡಿ ತಮ್ಮ. ಸಿ.ಡಿ. ಕಾಲದಲ್ಲಿ ನಮ್ಮ ಬೀದಿಯ ಅಂಗಡಿಯೊಂದರ ಮೇಲೆ ದಾಳಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಕಲು ಡಿಸ್ಕ್‌ಗಳ ಜೊತೆಗೆ ಕಂಪ್ಯೂಟರ್, ಡಿಸ್ಕ್ ಬರೆಯುವ ಯಂತ್ರ ಎಲ್ಲವನ್ನೂ ಒಯ್ದರು. ಆ ಕಂಪ್ಯೂಟರ್‌ನಲ್ಲೇ ಅವರ ಫೋಟೊ ಸ್ಟುಡಿಯೊದ ಕೆಲಸವೂ ಇತ್ತು, ಮದುವೆಗಳ ಚಿತ್ರಗಳೂ ಇದ್ದವು. ನ್ಯಾಯಾಲಯದಲ್ಲಿ ಏನಾಯಿತು ಎನ್ನುವುದಕ್ಕಿಂತ ಮೊದಲೇ ಆ ಮನುಷ್ಯನ ವ್ಯಾಪಾರ ಮುಗಿದುಹೋಯಿತು. ನಿಮ್ಮ ಅಂಗಡಿಯಲ್ಲಿಯೂ ರಿಪೇರಿಗೆ ಬಂದ ಜನರ ಫೋನುಗಳಿರುತ್ತವೆ, ಅದನ್ನು ಯೋಚಿಸಿ.

ಬಾಡಿಗೆಗೆ ಕೊಡಲು ಅನುಮತಿ ಇರುವ ಡಿಸ್ಕ್ ಬೇರೆ, "ಮನೆ ಬಳಕೆಗೆ ಮಾತ್ರ" ಎಂದು ಮುದ್ರಿಸಿದ ಡಿಸ್ಕ್ ಬೇರೆ. ಅಸಲಿ ಡಿಸ್ಕ್ ಕೊಂಡವರಿಗೂ ಆ ವ್ಯತ್ಯಾಸವನ್ನು ಪಾಲಿಸಬೇಕಾಗಿತ್ತು. ಹಾಗಿರುವಾಗ ಕೊಳ್ಳದೆಯೇ ಇಳಿಸಿದ್ದನ್ನು ಮಾರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ತುಮಕೂರಿನಿಂದ, ವಕೀಲರು

ಈ ವಿಷಯದಲ್ಲಿ ಎರಡು ನಂಬಿಕೆಗಳು ನನ್ನ ಕಚೇರಿಗೆ ಬರುವವರಲ್ಲಿಯೂ ಇವೆ. ಇಂಟರ್ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ಎಲ್ಲರ ಸ್ವತ್ತು ಎನ್ನುವುದು ಒಂದು. ಕಳ್ಳ ತಾಣ ತೆರೆದು ನೋಡಿದರೆ ಸಾಕು, ಜೈಲು ಖಚಿತ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ.

ನಮ್ಮಲ್ಲಿ ಇದಕ್ಕೆ ಅನ್ವಯಿಸುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಧಾರಾವಾಹಿಯೂ ಆ ಕಾಯ್ದೆಯ ಲೆಕ್ಕದಲ್ಲಿ ಒಂದು ಚಲನಚಿತ್ರವೇ. ಪ್ರಸಾರವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಅದಕ್ಕೆ ರಕ್ಷಣೆ ಇರುತ್ತದೆ. ಅಂದರೆ 1986ರಲ್ಲಿ ಮೊದಲು ಪ್ರಸಾರವಾದ ಧಾರಾವಾಹಿಗೆ 2046ರ ಕೊನೆಯವರೆಗೆ. ವಾಹಿನಿಗೆ ತನ್ನ ಪ್ರಸಾರದ ಮೇಲೆ ಪ್ರತ್ಯೇಕವಾಗಿ 25 ವರ್ಷಗಳ ಹಕ್ಕು ಇದೆ. ಹಳೆಯದಾಯಿತು, ಯಾರೂ ಕೇಳುವುದಿಲ್ಲ ಎಂಬ ಮಾತಿಗೆ ಆದ್ದರಿಂದ ಆಧಾರವಿಲ್ಲ.

ಇನ್ನು ಮನೆ ಬಳಕೆ. 2012ರ ತಿದ್ದುಪಡಿಯ ನಂತರ 52ನೇ ಕಲಮಿನ ಪ್ರಕಾರ, ಕಂಪ್ಯೂಟರ್ ತಂತ್ರಾಂಶವನ್ನು ಬಿಟ್ಟು ಯಾವುದೇ ಕೃತಿಯನ್ನು ಖಾಸಗಿ ಬಳಕೆಗಾಗಿ ನ್ಯಾಯಯುತವಾಗಿ ಬಳಸಿಕೊಂಡರೆ ಉಲ್ಲಂಘನೆಯಾಗುವುದಿಲ್ಲ. ಜನ "ಖಾಸಗಿ ಬಳಕೆ" ಎಂಬುದನ್ನಷ್ಟೇ ಓದಿಕೊಂಡು "ನ್ಯಾಯಯುತ" ಎಂಬ ಷರತ್ತನ್ನು ಬಿಟ್ಟುಬಿಡುತ್ತಾರೆ. ಹಣ ಕೊಟ್ಟು ನೋಡಬಹುದಾದ ಧಾರಾವಾಹಿಯನ್ನು ಕಳ್ಳಪ್ರತಿಯಿಂದ ಇಡಿಯಾಗಿ ಇಳಿಸಿಕೊಳ್ಳುವುದು ಆ ಷರತ್ತಿನೊಳಗೆ ನಿಲ್ಲುತ್ತದೆ ಎಂದು ನಾನು ಯಾವ ಕಕ್ಷಿದಾರರಿಗೂ ಭರವಸೆ ಕೊಡುವುದಿಲ್ಲ.

ಆದರೆ 39ನೇ ಕಲಮು ನೇರವಾಗಿ ಟಿ.ವಿ. ಪ್ರಸಾರದ ಬಗ್ಗೆಯೇ ಮಾತನಾಡುತ್ತದೆ. ಪ್ರಸಾರವಾಗುತ್ತಿರುವುದನ್ನು ತನ್ನ ಖಾಸಗಿ ಬಳಕೆಗಾಗಿ ಸ್ವತಃ ಧ್ವನಿಮುದ್ರಣ ಅಥವಾ ದೃಶ್ಯಮುದ್ರಣ ಮಾಡಿಕೊಂಡರೆ ವಾಹಿನಿಯ ಪ್ರಸಾರ ಹಕ್ಕು ಉಲ್ಲಂಘನೆಯಾಗುವುದಿಲ್ಲ. ರೆಕಾರ್ಡಿಂಗ್ ಸೌಲಭ್ಯವಿರುವ ಸೆಟ್‌ಟಾಪ್ ಬಾಕ್ಸ್‌ನಲ್ಲಿ ರಾತ್ರಿಯ ಸಂಚಿಕೆಯನ್ನು ಹಿಡಿದಿಟ್ಟು ಮರುದಿನ ಮನೆಯವರು ನೋಡುವುದಕ್ಕೆ ನಾನು ಯಾರಿಗೂ ಹೆದರಿಕೆ ಹುಟ್ಟಿಸುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1984ರಲ್ಲಿ ಬೀಟಾಮ್ಯಾಕ್ಸ್ ಎಂಬ ವಿಡಿಯೊ ರೆಕಾರ್ಡರ್‌ನ ಪ್ರಕರಣದಲ್ಲಿ, ಆಮೇಲೆ ನೋಡಲೆಂದು ಮನೆಯಲ್ಲಿ ಟಿ.ವಿ. ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದಿತು. ಅದು ಅಲ್ಲಿನ ಕಾನೂನು, ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೂ ಎರಡೂ ಕಡೆ ಮನೆಯೊಳಗಿನ ಖಾಸಗಿ ಬಳಕೆಗೆ ಬೆಲೆ ಸಿಕ್ಕಿದೆ.

ನೋಡುವುದೇ ಅಪರಾಧವೇ? ನಿರ್ಬಂಧಿಸಿದ ತಾಣಗಳಲ್ಲಿ "ವೀಕ್ಷಣೆಯೂ ಅಪರಾಧ" ಎಂಬರ್ಥದ ಎಚ್ಚರಿಕೆ ಕಾಣಿಸುತ್ತಿದ್ದಾಗ, ಅಪರಾಧ ಇರುವುದು ನೋಡುವುದರಲ್ಲಿ ಅಲ್ಲ, ಅನುಮತಿಯಿಲ್ಲದೆ ಹಂಚುವುದರಲ್ಲಿ, ಸಾರ್ವಜನಿಕವಾಗಿ ಪ್ರದರ್ಶಿಸುವುದರಲ್ಲಿ, ಮಾರಾಟಕ್ಕೋ ಬಾಡಿಗೆಗೋ ಕೊಡುವುದರಲ್ಲಿ ಎಂದು ಬಾಂಬೆ ಹೈಕೋರ್ಟ್ 2016ರಲ್ಲಿ ಹೇಳಿತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಗಿರಾಕಿಯ ಕಾರ್ಡ್‌ಗೆ ಹಾಕಿ ಹಣ ಪಡೆದರೆ ನೀವು ನೋಡುಗರಾಗಿ ಉಳಿಯುವುದಿಲ್ಲ, ಹಂಚುವವರಾಗುತ್ತೀರಿ.

63ನೇ ಕಲಮಿನಡಿ, ಗೊತ್ತಿದ್ದೂ ಉಲ್ಲಂಘಿಸಿದವರಿಗೆ ಮತ್ತು ಅದಕ್ಕೆ ನೆರವಾದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ, ವಿಶೇಷ ಕಾರಣಗಳನ್ನು ದಾಖಲಿಸಿ ನ್ಯಾಯಾಲಯ ಶಿಕ್ಷೆಯನ್ನು ಇದಕ್ಕಿಂತ ಕಡಿಮೆ ಮಾಡಬಹುದು. ಅಂಗಡಿಯವರಿಗೆ ಆ ಬಾಗಿಲು ತೆರೆಯುವುದು ಕಷ್ಟ. ಇದು ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೇ ಪ್ರತಿಗಳನ್ನೂ ಅವುಗಳನ್ನು ತಯಾರಿಸಲು ಬಳಸಿದ ಸಾಧನವನ್ನೂ ವಶಪಡಿಸಿಕೊಳ್ಳಬಹುದು. ಚಿಂತಾಮಣಿಯವರು ಕಂಡದ್ದು ಅದನ್ನೇ. ನಾವು ಗೂಂಡಾ ಕಾಯ್ದೆ ಎಂದು ಕರೆಯುವ ಕರ್ನಾಟಕದ 1985ರ ಕಾಯ್ದೆಯ ಹೆಸರಿನಲ್ಲಿಯೇ ವಿಡಿಯೊ, ಆಡಿಯೊ ಪೈರಸಿ ಮಾಡುವವರು ಸೇರಿದ್ದಾರೆ. ಒಂದೆರಡು ಕಾರ್ಡ್ ತುಂಬಿಸಿದವರ ಮೇಲೆ ಅದನ್ನು ಹೂಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಈ ದಂಧೆಯನ್ನು ನಮ್ಮ ರಾಜ್ಯ ಎಷ್ಟು ಗಂಭೀರವಾಗಿ ಕಂಡಿದೆ ಎಂಬುದು ತಿಳಿದಿರಲಿ ಎಂದಷ್ಟೇ.

ಟೊರೆಂಟ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದರಲ್ಲಿ ಕಡತ ಚೂರು ಚೂರಾಗಿ ಬರುತ್ತದೆ. ನಿಮಗೆ ಬಂದ ಚೂರುಗಳನ್ನು ನಿಮ್ಮ ಕಂಪ್ಯೂಟರ್ ಅದೇ ಹೊತ್ತಿಗೆ ಬೇರೆಯವರಿಗೆ ಕಳುಹಿಸುತ್ತಿರುತ್ತದೆ. ತಾಯಿಗಾಗಿ ಇಳಿಸುತ್ತಿದ್ದೇನೆ ಎಂದುಕೊಂಡವರು ತಮಗೆ ತಿಳಿಯದೆಯೇ ಹಂಚುತ್ತಿರುತ್ತಾರೆ. ಟೆಲಿಗ್ರಾಂನಲ್ಲಿ ಹೆಸರು ಕಾಣುವುದಿಲ್ಲ ಎಂಬ ಧೈರ್ಯವೂ ಬೇಡ. ಅನುಮತಿಯಿಲ್ಲದೆ ಪಾಠದ ಸಾಮಗ್ರಿ ಹಂಚುತ್ತಿದ್ದ ಚಾನೆಲ್‌ಗಳನ್ನು ನಡೆಸುವವರ ವಿವರ ಕೊಡಬೇಕೆಂದು ದೆಹಲಿ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಟೆಲಿಗ್ರಾಂಗೆ ಆದೇಶಿಸಿತ್ತು.

ಗೌರಿಬಿದನೂರು ಮೂಲ, ಈಗ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವರು

ಶಿಡ್ಲಘಟ್ಟದ ಅಣ್ಣನವರೇ, ಕೇಳಿ ಮಾಡೋಣ ಎಂದುಕೊಂಡಿರಲ್ಲ, ಅದಕ್ಕೆ ಮೊದಲು ಕೃತಜ್ಞತೆ.

ನನಗೆ ಹಣ ಸಿಗುವುದು ಸಂಚಿಕೆಯ ಲೆಕ್ಕದಲ್ಲಿ. ರಾತ್ರಿ ಬರೆದ ದೃಶ್ಯ ಬೆಳಿಗ್ಗೆ ಸೆಟ್ಟಿಗೆ ಹೋಗುತ್ತದೆ. ಅಲ್ಲಿ ಕಲಾವಿದರಲ್ಲದೆ ಲೈಟ್ ಹಿಡಿಯುವವರು, ಮೇಕಪ್‌ನವರು, ವಸ್ತ್ರ ನೋಡಿಕೊಳ್ಳುವವರು, ಊಟ ಬಡಿಸುವ ಪ್ರೊಡಕ್ಷನ್ ಹುಡುಗರು ಇರುತ್ತಾರೆ. ಅವರಲ್ಲಿ ಹೆಚ್ಚಿನವರದು ದಿನಗೂಲಿ. ಧಾರಾವಾಹಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಇವರಿಗೆಲ್ಲ ಮರುದಿನದ ದುಡಿಮೆ ಇಲ್ಲ. "ದೊಡ್ಡ ಕಂಪನಿಗೆ ಏನು ನಷ್ಟ" ಎಂದು ಜನ ಕೇಳುತ್ತಾರೆ. ನಷ್ಟ ಬಂದಾಗ ಕಂಪನಿ ಮೊದಲು ಕೈಬಿಡುವುದು ನಮ್ಮಂಥವರನ್ನೇ.

ನನ್ನನ್ನು ಹೆಚ್ಚು ಕಾಡುವ ವಿಚಾರ ಇನ್ನೊಂದಿದೆ. ಟಿ.ವಿ. ರೇಟಿಂಗ್ ಬರುವುದು ಆಯ್ದ ಮನೆಗಳಲ್ಲಿಟ್ಟ ಮೀಟರ್‌ನಿಂದ. ಆ್ಯಪ್‌ನಲ್ಲಿಯಾದರೆ ಪ್ರತಿಯೊಬ್ಬರು ನೋಡಿದ್ದೂ ದಾಖಲಾಗುತ್ತದೆ. ಕಥೆ ಯಾವ ಕಡೆ ತಿರುಗಬೇಕು, ಧಾರಾವಾಹಿ ಮುಂದುವರಿಯಬೇಕೇ ಎಂಬ ಚರ್ಚೆಯಲ್ಲಿ ಮೇಜಿನ ಮೇಲಿರುವುದು ಈ ಲೆಕ್ಕಗಳು. ರೀಲಿಂಗ್ ಘಟಕದಲ್ಲಿ ಕೈ ಸುಡುವ ನೀರಿನ ಮುಂದೆ ಕುಳಿತು ನಮ್ಮ ಕಥೆ ಕೇಳುವ ಆ ಅಕ್ಕಂದಿರಿಗಿಂತ ನಿಷ್ಠೆಯ ಪ್ರೇಕ್ಷಕರು ನಮಗೆ ಎಲ್ಲಿ ಸಿಗುತ್ತಾರೆ? ಆದರೆ ಕಾರ್ಡ್‌ನಲ್ಲಿ ನೋಡಿದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅವರ ಬದುಕಿಗೆ ಹತ್ತಿರವಾದ ಕಥೆಯನ್ನು ಬರೆಯೋಣ ಎಂದು ನಾನು ವಾದಿಸಿದರೆ, "ಅಂಥ ಪ್ರೇಕ್ಷಕರು ಎಲ್ಲಿದ್ದಾರೆ, ತೋರಿಸಿ" ಎನ್ನುತ್ತಾರೆ. ನನ್ನ ಬಳಿ ತೋರಿಸಲು ಏನೂ ಇರುವುದಿಲ್ಲ.

2012ರ ತಿದ್ದುಪಡಿ ಬರಹಗಾರರಿಗೆ ರಾಯಲ್ಟಿಯ ಹಕ್ಕನ್ನು ಕೊಟ್ಟಿದೆ. ಅದು ನಮ್ಮ ಕೈಗೆ ಸರಿಯಾಗಿ ತಲುಪುವಂತೆ ಮಾಡುವ ಹೋರಾಟ ಇನ್ನೂ ಬಾಕಿ ಇದೆ, ನಿಜ. ನಿರ್ಮಾಪಕರು ನಮಗೆ ಕೊಡುವುದಿಲ್ಲವೆಂದು ನೀವೂ ಕೊಡದಿದ್ದರೆ ಆ ಹೋರಾಟಕ್ಕೆ ಬಲ ಬರುವುದಿಲ್ಲ.

ತುಮಕೂರಿನಿಂದ, ಎಂಜಿನಿಯರಿಂಗ್ ವಿದ್ಯಾರ್ಥಿ

ಮೇಲಿನ ಮಾತುಗಳನ್ನು ಗೌರವಿಸುತ್ತೇನೆ, ಆದರೂ ಒಂದು ವಾದವಿದೆ. ನಾವು ಹಾಸ್ಟೆಲ್‌ನಲ್ಲಿ ಹಣ ಸೇರಿಸಿ ಒಂದು ಆ್ಯಪ್‌ನ ಚಂದಾ ಕಟ್ಟಿದ್ದೆವು. ನೋಡುತ್ತಿದ್ದ ಸರಣಿ ನಡುವೆಯೇ ಅಲ್ಲಿಂದ ಮಾಯವಾಯಿತು. ಹಣ ಕೊಟ್ಟರೂ ಅದು ನಮ್ಮದಾಗುವುದಿಲ್ಲ. ಇನ್ನು ಅಣ್ಣನ ತಾಯಿ ಕೇಳುತ್ತಿರುವಂಥ ಹಳೆಯ ಧಾರಾವಾಹಿಯನ್ನು ಕೊಳ್ಳಲು ಸಿದ್ಧರಿದ್ದರೂ ಮಾರುವವರೇ ಇಲ್ಲ. ಬ್ರಿಟನ್ನಿನ ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ತನ್ನ ಟೇಪುಗಳನ್ನು ತಾನೇ ಅಳಿಸಿತು. "ಡಾಕ್ಟರ್ ಹೂ" ಸರಣಿಯ ಹಲವು ಸಂಚಿಕೆಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಅವುಗಳ ಧ್ವನಿಯಾದರೂ ಉಳಿದಿರುವುದು ಪ್ರೇಕ್ಷಕರು ಮನೆಯಲ್ಲಿ ಮುದ್ರಿಸಿಟ್ಟುಕೊಂಡದ್ದರಿಂದ. ಹಕ್ಕುದಾರರು ಕಾಪಾಡದಿದ್ದಾಗ ಜನ ಕಾಪಾಡಿದ್ದನ್ನು ಕಳ್ಳತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಗೌರಿಬಿದನೂರು, ಮತ್ತೆ

ಹಳೆಯ ಧಾರಾವಾಹಿಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ ತಮ್ಮ. ನಾನು ಬರೆದದ್ದು ಎಲ್ಲಿಯೂ ಸಿಗದೆ ಮರೆಯಾಗುವುದಕ್ಕಿಂತ ಯಾರದೋ ಮನೆಯ ಟೇಪಿನಲ್ಲಿ ಉಳಿಯಲಿ ಎಂದೇ ಬಯಸುತ್ತೇನೆ. ಆದರೆ ಆ ವಾದವನ್ನು ನಿನ್ನೆ ರಾತ್ರಿಯ ಸಂಚಿಕೆಗೆ ಹಚ್ಚಬೇಡಿ. ಅದು ಟಿ.ವಿ.ಯಲ್ಲಿಯೂ ಆ್ಯಪ್‌ನಲ್ಲಿಯೂ ಸಿಗುತ್ತಿದೆ. ಅದನ್ನು ಇಳಿಸಿ ಹಂಚುವವರು ಏನನ್ನೂ ಕಾಪಾಡುತ್ತಿಲ್ಲ.

ಕೋಲಾರದಿಂದ, ಶಾಲಾ ಶಿಕ್ಷಕಿ

ನನ್ನ ಅಮ್ಮನಿಗೂ ಇದೇ ಆಸೆ ಇತ್ತು, ಆದ್ದರಿಂದ ನಾನು ಹುಡುಕಿದ ದಾರಿಗಳನ್ನು ಹೇಳುತ್ತೇನೆ. ಹಳೆಯ ದೂರದರ್ಶನದ ಕಾರ್ಯಕ್ರಮವಾದರೆ ಮೊದಲು ಯೂಟ್ಯೂಬ್‌ನಲ್ಲಿ ಪ್ರಸಾರ ಭಾರತಿ ಸಂಗ್ರಹಾಲಯದ ಅಧಿಕೃತ ಚಾನೆಲ್ ನೋಡಿ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ಆ್ಯಪ್ ಕೂಡ ತಂದಿದೆ, ಅದರಲ್ಲಿ ಹುಡುಕಿ. ಧಾರಾವಾಹಿಯ ಹೆಸರಿನ ಜೊತೆಗೆ ನಿರ್ಮಾಣ ಸಂಸ್ಥೆಯ ಹೆಸರನ್ನೂ ಹಾಕಿ ಹುಡುಕುವುದು ಮುಖ್ಯ, ಏಕೆಂದರೆ ಕೆಲವು ನಿರ್ಮಾಪಕರು ತಮ್ಮ ಹಳೆಯ ಕೆಲಸವನ್ನು ತಾವೇ ಯೂಟ್ಯೂಬ್‌ಗೆ ಹಾಕಿದ್ದಾರೆ. ನಾನು ಹುಡುಕುತ್ತಿದ್ದದ್ದು ಎಲ್ಲಿಯೂ ಕಾಣದಿದ್ದಾಗ ನಿರ್ಮಾಪಕರಿಗೇ ಒಂದು ಮಿಂಚಂಚೆ ಬರೆದೆ. ಅಮ್ಮನ ವಯಸ್ಸು, ಅವರಿಗೆ ಆ ಧಾರಾವಾಹಿ ಏಕೆ ಇಷ್ಟ ಎಂಬುದನ್ನೂ ಬರೆದಿದ್ದೆ. ತಡವಾಗಿಯಾದರೂ ಉತ್ತರ ಬಂತು, ಕೆಲವು ಸಂಚಿಕೆಗಳಿರುವ ಕೊಂಡಿಯನ್ನೂ ಕಳುಹಿಸಿದರು. ಎಲ್ಲರಿಗೂ ಹೀಗೆ ಉತ್ತರ ಬರಲಿಕ್ಕಿಲ್ಲ. ಆದರೆ ಕೇಳಿದವರಿದ್ದಾರೆ ಎಂಬುದು ಅವರಿಗೆ ತಿಳಿಯುತ್ತದೆ.

ರೀಲಿಂಗ್ ಘಟಕದ ಅಕ್ಕಂದಿರಿಗೆ ಸಿಗ್ನಲ್ ಇಲ್ಲದಿರುವುದೇ ತೊಂದರೆ ಎಂದಾದರೆ ಅದಕ್ಕೆ ಪರಿಹಾರ ಆ್ಯಪ್‌ಗಳ ಒಳಗೇ ಇದೆ. ಯೂಟ್ಯೂಬ್ ಆ್ಯಪ್‌ನಲ್ಲಿ ಹಲವು ವಿಡಿಯೊಗಳ ಕೆಳಗೆ ಡೌನ್‌ಲೋಡ್ ಗುಂಡಿ ಇರುತ್ತದೆ. ಮನೆಯಲ್ಲಿ ಇಳಿಸಿಟ್ಟುಕೊಂಡರೆ ಆಮೇಲೆ ಸಿಗ್ನಲ್ ಇಲ್ಲದಿದ್ದರೂ ನೋಡಬಹುದು, ಆಗಾಗ ಇಂಟರ್ನೆಟ್‌ಗೆ ಸೇರಿಸುತ್ತಿರಬೇಕು ಅಷ್ಟೇ. ಧಾರಾವಾಹಿಗಳ ಚಂದಾ ಆ್ಯಪ್‌ಗಳಲ್ಲಿಯೂ ಈ ಸೌಲಭ್ಯ ಇದೆ. ಇದನ್ನು ಮಾಡಲು ಅವರಿಗೆ ಬಾರದು, ನಿಮಗೆ ಬರುತ್ತದೆ. ಆ್ಯಪ್ ಹಾಕಿ, ಚಂದಾ ಮಾಡಿಸಿ, ಇಳಿಸುವುದನ್ನು ಕಲಿಸಿಕೊಟ್ಟು ಆ ಕೆಲಸಕ್ಕೆ ಹಣ ಕೇಳಿ. ಅದು ನಿಮ್ಮ ದುಡಿಮೆಯ ಹಣ. ತಿಂಗಳ ಶುಲ್ಕ ಕಟ್ಟಲಾಗದ ಮನೆಗಳಿಗೆ ಡಿಡಿ ಫ್ರೀ ಡಿಶ್ ಬಗ್ಗೆ ಹೇಳಿ. ಡಿಶ್, ಬಾಕ್ಸ್ ಕೊಂಡ ಮೇಲೆ ತಿಂಗಳ ಶುಲ್ಕ ಇರುವುದಿಲ್ಲ, ಚಂದನ ವಾಹಿನಿಯೂ ಬರುತ್ತದೆ.

ಇನ್ನೊಂದು ಎಚ್ಚರಿಕೆ. "ಎಲ್ಲ ಚಾನೆಲ್ ಉಚಿತ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳನ್ನು, ಅಂದರೆ ಆ್ಯಪ್ ಸ್ಥಾಪಿಸುವ ಕಡತಗಳನ್ನು, ಯಾರ ಫೋನಿಗೂ ಹಾಕಬೇಡಿ. ಎಸ್‌ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿ ಕದಿಯುವ ಕಡತಗಳೂ ಇದೇ ವೇಷದಲ್ಲಿ ಬರುತ್ತವೆ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೂಲಿ ಹಣ ಖಾತೆಗೆ ಬರುವ ಹೆಣ್ಣುಮಕ್ಕಳ ಫೋನು ಅದು, ದಯವಿಟ್ಟು ನೆನಪಿಡಿ.

ಶಿಡ್ಲಘಟ್ಟ, ಮತ್ತೆ

ಎಲ್ಲರಿಗೂ ಧನ್ಯವಾದ. ಕಾರ್ಡ್ ತುಂಬಿಸುವ ಕೆಲಸಕ್ಕೆ ಇಳಿಯುವುದಿಲ್ಲ, ಮೇಡಂ ಹೇಳಿದಂತೆ ಆ್ಯಪ್ ಕಲಿಸಿಕೊಡುತ್ತೇನೆ. ವಕೀಲರಿಗೆ ಒಂದು ಪ್ರಶ್ನೆ ಉಳಿದಿದೆ. ಗಿರಾಕಿಗಳು ಹೊಸ ಫೋನ್ ಕೊಂಡಾಗ ಹಳೆಯದರಲ್ಲಿರುವ ಎಲ್ಲವನ್ನೂ ವರ್ಗಾಯಿಸಿಕೊಡಿ ಎನ್ನುತ್ತಾರೆ. ಅದರಲ್ಲಿ ಇಂಥ ಧಾರಾವಾಹಿಗಳಿದ್ದರೆ ನಾನು ಹೊಣೆಯಾಗುತ್ತೇನೆಯೇ?

ತುಮಕೂರು, ವಕೀಲರು

63ನೇ ಕಲಮು "ಗೊತ್ತಿದ್ದೂ" ಮಾಡಿದವರನ್ನು ಹಿಡಿಯುತ್ತದೆ. ಒಬ್ಬರ ಫೋನಿನಲ್ಲಿದ್ದುದನ್ನು ಅವರದೇ ಇನ್ನೊಂದು ಫೋನಿಗೆ ಇಡಿಯಾಗಿ ವರ್ಗಾಯಿಸುವುದು ನಿಮ್ಮ ಮಾಮೂಲಿ ಕೆಲಸ, ಒಳಗೇನಿದೆ ಎಂದು ತೆರೆದು ನೋಡುವ ಅಗತ್ಯವೂ ಇಲ್ಲ, ನೋಡುವುದು ಸರಿಯೂ ಅಲ್ಲ. ಸಾಧ್ಯವಾದಷ್ಟೂ ಫೋನಿನಿಂದ ಫೋನಿಗೇ ವರ್ಗಾಯಿಸಿ. ಅಂಗಡಿಯ ಕಂಪ್ಯೂಟರ್ ಮೂಲಕ ಮಾಡಲೇಬೇಕಾದರೆ, ಕೆಲಸ ಮುಗಿದ ತಕ್ಷಣ ಗಿರಾಕಿಯ ಎದುರಿಗೇ ಆ ಪ್ರತಿಯನ್ನು ಅಳಿಸಿ. ಅಲ್ಲಿ ಉಳಿದ ಧಾರಾವಾಹಿ ನಾಳೆ ಇನ್ನೊಬ್ಬರ ಕಾರ್ಡ್‌ಗೆ ಹೋಯಿತೆಂದರೆ ನನ್ನ ಈ ಉತ್ತರ ಬದಲಾಗುತ್ತದೆ.