ಹತ್ತು ವರ್ಷದ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲಾ, ಬೇಡವಾ?

ತುಂಗಾತೀರ:
2015ರ ಲ್ಯಾಪ್‌ಟಾಪ್. ಐದನೇ ಜನರೇಶನ್ ಐ5, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗೀತು. 11 ಹಾಕೋಕೆ ಹೋದ್ರೆ ಪ್ರೊಸೆಸರ್ ಆಗಲ್ಲ ಅಂತ ತೋರಿಸ್ತಿದೆ. ನಮ್ಮ ಹಾಲಿನ ಸೊಸೈಟಿ ಲೆಕ್ಕ, ಸಭೆಯ ನಡಾವಳಿ ಎಲ್ಲಾ ಇದರಲ್ಲೇ ಇದೆ, ಟೈಪ್ ಮಾಡೋದು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ. ರೂಫಸ್ ಅನ್ನೋ ಸಾಫ್ಟ್‌ವೇರ್‌ನಿಂದ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿದ್ರೆ ಆ ಚೆಕ್ ದಾಟಿಸಬಹುದಂತೆ. ಗೊತ್ತಿರೋರು ಹೇಳಿ.

ಸರ್ವಿಸ್ ಬೆಂಚ್:
ಹಾಕಿ. ಆದ್ರೆ ಮೊದಲು ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಮಾಡಿಸಿ. 4 ಜಿಬಿ ಸಾಕು ಅಂತ ಕಂಪನಿ ಬರೆದಿದೆ, ಕ್ರೋಮ್ ತೆಗೆದ ಕೂಡಲೇ ಅದು ಸಾಲಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಇಂಥ ಎಷ್ಟೋ ಮೆಷಿನ್‌ಗೆ ನಾನೇ ಹಾಕಿಕೊಟ್ಟಿದೀನಿ, ಒಬ್ಬರೂ ವಾಪಸ್ ತಂದಿಲ್ಲ.

ಟರ್ಮಿನಲ್ ಹುಡುಗ:
"ಒಬ್ಬರೂ ವಾಪಸ್ ತಂದಿಲ್ಲ" ಅಂದ್ರೆ ಇನ್ನೂ ತಂದಿಲ್ಲ ಅಷ್ಟೇ. ಪಟ್ಟಿಯಲ್ಲಿಲ್ಲದ ಮೆಷಿನ್‌ಗೆ ಅಪ್‌ಡೇಟ್ ಬರೋ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದಾಗ ಹಳೇ ಕೋರ್ 2 ಡ್ಯುಯೋ ಪ್ರೊಸೆಸರ್ ಇದ್ದೋರ ಗತಿ ನೋಡಿದ್ರಲ್ಲ, ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಅನ್ನೋ ಇನ್‌ಸ್ಟ್ರಕ್ಷನ್ ಇಲ್ಲ ಅಂತ ಬೂಟೇ ಆಗಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಹಾಕ್ಕೊಳ್ಳಿ. 2029ರವರೆಗೆ ಅಪ್‌ಡೇಟ್ ಬರುತ್ತೆ, ಚಿಂತೆಯೇ ಇಲ್ಲ.

ಸರ್ವಿಸ್ ಬೆಂಚ್:
ಕೋರ್ 2 ಡ್ಯುಯೋ ಯಾರ ಹತ್ರ ಇದೆ ಇಲ್ಲಿ? ಅವರದು ಐ5. 2008ರಲ್ಲಿ ಬಂದ ಮೊದಲ ಐ7ನಲ್ಲೇ ಪಾಪ್‌ಕೌಂಟ್ ಇತ್ತು. ಸುಮ್ಮನೆ ಹೆದರಿಸಬೇಡಿ.

ಅಕ್ಷರ ಡಿಟಿಪಿ:
"ಚಿಂತೆಯೇ ಇಲ್ಲ" ಅಂದ್ರಲ್ಲ, ಅವರು ನುಡಿ ಅಂತ ಬರೆದಿದ್ದು ಕಾಣಲಿಲ್ವಾ? ನುಡಿ ಇರೋದು ವಿಂಡೋಸ್‌ಗೆ.

ಟರ್ಮಿನಲ್ ಹುಡುಗ:
ಕೀಲಿಮಣೆ ಬೇಕಾ, ಸಾಫ್ಟ್‌ವೇರ್ ಬೇಕಾ? ನುಡಿಯ ಕೀಲಿಮಣೆ ವಿನ್ಯಾಸದ ಮೂಲ ಕೆ. ಪಿ. ರಾವ್ ಅವರದು. ಅದೇ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಟೈಪಿಂಗ್ ಭಾಷೆ ಬದಲಿಸೋ ಐಬಸ್‌ನಲ್ಲಿ ಸೇರಿಸಿಕೊಂಡ್ರೆ ಆಯ್ತು. ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀಯೇ. ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲ್ಲ.

ಅಕ್ಷರ ಡಿಟಿಪಿ:
ಬೆರಳಿಗೆ ಗೊತ್ತಾಗಲ್ಲ, ಫೈಲ್‌ಗೆ ಗೊತ್ತಾಗುತ್ತೆ! ಅದರಲ್ಲಿ ಬರೋದು ಯೂನಿಕೋಡ್, ಅಂದ್ರೆ ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರದ ಕೋಡ್. ಸೊಸೈಟಿಯ ಹಳೇ ನಡಾವಳಿ ಆಸ್ಕಿಯಲ್ಲಿ, ಅಂದ್ರೆ ಇಂಗ್ಲಿಷ್ ಅಕ್ಷರದ ಕೋಡ್‌ಗೆ ಕನ್ನಡ ರೂಪ ಕೊಡೋ ಹಳೇ ಫಾಂಟ್‌ನಲ್ಲಿದ್ರೆ? ಒಂದೇ ಫೈಲ್‌ನಲ್ಲಿ ಮೇಲೆ ಆಸ್ಕಿ, ಕೆಳಗೆ ಯೂನಿಕೋಡ್ ಇಟ್ಕೊಂಡು ಏನು ಮಾಡಬೇಕು? ಹದಿನೆಂಟು ವರ್ಷದಿಂದ ಇದೇ ಕೆಲಸ ನಂದು. ಪುಟ ಜೋಡಿಸೋ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಹಾಕಿ ನೋಡಿ, ಒಂದು ಒತ್ತಕ್ಷರ ಸರಿ ಕೂರಲ್ಲ.

ಟರ್ಮಿನಲ್ ಹುಡುಗ:
ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಆಮೇಲೆ ಹೊಸದು ಬರಲೇ ಇಲ್ಲ. ಅದಕ್ಕೋಸ್ಕರ ಕನ್ನಡವನ್ನ ಆಸ್ಕಿಯಲ್ಲಿ ಹೂತಿಡಬೇಕಾ? ಆ ಫಾಂಟ್ ಬದಲಿಸಿ ನೋಡಿ, ಕನ್ನಡವೇ ಮಾಯ, ಉಳಿಯೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹುಡುಕಿದ್ರೆ ಒಂದು ಪದ ಸಿಗಲ್ಲ.

ಅಕ್ಷರ ಡಿಟಿಪಿ:
"ಹೂತಿಡಬೇಕಾ" ಅಂತೀರಲ್ಲ, ಊರಿನ ಮದುವೆ ಕಾಗದ, ದೇವಸ್ಥಾನದ ಕರಪತ್ರ, ಪಂಚಾಯ್ತಿ ನೋಟಿಸು ಇಷ್ಟು ವರ್ಷ ಅಚ್ಚಾಗಿದ್ದು ಅದರಲ್ಲೇ. ಕನ್ನಡ ಹೂತಿಟ್ಟಿದ್ದು ನಾವಲ್ಲ. ಮಾತು ಹಿಡಿತದಲ್ಲಿರಲಿ.

ಧಾರವಾಡದ ಮಂದಿ:
ಅಲ್ರೀ, ನಡುವ ಬಂದೆ ಅಂತ ಸಿಟ್ಟಾಗಬ್ಯಾಡ್ರಿ. ಈಗಿನ ನುಡಿಯೊಳಗ ಯೂನಿಕೋಡೂ ಐತಲ್ಲ? ಇಬ್ರೂ ಯಾವ ಕಾಲದ ನುಡಿ ಬಗ್ಗೆ ಜಗಳಾಡಾಕ್ಹತ್ತೀರಿ?

ಅಕ್ಷರ ಡಿಟಿಪಿ:
ಇದೆ, ಇಲ್ಲ ಅಂದೋರ‍್ಯಾರು? ಹಳೇ ಫೈಲ್ ಕಥೆ ಹೇಳಿ.

ಟರ್ಮಿನಲ್ ಹುಡುಗ:
ಹಳೇ ಫೈಲ್‌ಗೆ ಕನ್ವರ್ಟರ್ ಇದೆ. ಪರಿವರ್ತನೆ ಮಾಡಿ ಒಂದೇ ಸಲಕ್ಕೆ ಕೈ ತೊಳ್ಕೊಳ್ಳಿ.

ಅಕ್ಷರ ಡಿಟಿಪಿ:
ಕೈ ತೊಳ್ಕೊಂಡು ಆಮೇಲೆ ಅರ್ಕಾವೊತ್ತು ಯಾರು ತಿದ್ದೋದು? ಸಾಲು ಸಾಲಾಗಿ ಕೂತು ತಿದ್ದಿದ ಕಣ್ಣು ನಂದು, ನಿಮ್ಮದಲ್ಲ.

ತುಂಗಾತೀರ:
ಪೇಜ್‌ಮೇಕರ್ ಮಾತು ನಾನು ಎತ್ತಲೇ ಇಲ್ಲ. ನಡಾವಳಿ ಎಲ್ಲಾ ವರ್ಡ್ ಫೈಲ್. 2019ರ ತನಕದ್ದು ಆಸ್ಕಿ, ಆಮೇಲಿಂದು ಯೂನಿಕೋಡ್. ಆಡಿಟ್‌ನೋರು ಕೇಳಿದಾಗ ಹಳೇದು ತೆರೆದು ಪ್ರಿಂಟ್ ತೆಗೆಯಬೇಕು, ಅಷ್ಟೇ.

ಟರ್ಮಿನಲ್ ಹುಡುಗ:
ನೋಡಿದ್ರಾ, "ಪ್ರಿಂಟ್ ತೆಗೆಯಬೇಕು, ಅಷ್ಟೇ". ನುಡಿಯ ಫಾಂಟ್ ಫೈಲ್ ಮಿಂಟ್‌ಗೆ ಹಾಕಿದ್ರೆ ಹಳೇದು ವರ್ಡ್‌ನಂಥ ಲಿಬ್ರೆ ಆಫೀಸ್‌ನಲ್ಲಿ ಓದೋಕೆ ಬರುತ್ತೆ.

ಅಕ್ಷರ ಡಿಟಿಪಿ:
ಓದೋಕೆ ಬರುತ್ತೆ. ಒಂದು ತಪ್ಪು ತಿದ್ದಬೇಕಾದ್ರೆ? ಆಸ್ಕಿ ಟೈಪಿಂಗ್ ಇಲ್ಲ ತಾನೇ? ಅದನ್ನ ನೀವು ಹೇಳೋದೇ ಇಲ್ಲ.

ಲೆಕ್ಕದ ಪುಸ್ತಕ:
ಹೊಸದು ಹಾಕೋ ಅವಸರ ಯಾಕೆ? ವಿಂಡೋಸ್ 10ಕ್ಕೇ ಇಎಸ್‌ಯು ಅನ್ನೋ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಬರುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡೂ ಬೇಡ.

ಸರ್ವಿಸ್ ಬೆಂಚ್:
ಆ ತಾರೀಕು ಆದ್ಮೇಲೆ? ಮತ್ತೆ ಇಲ್ಲಿಗೇ ಬಂದು ಇದೇ ಪ್ರಶ್ನೆ ಕೇಳಬೇಕು. ಈಗಲೇ 11 ಹಾಕಿ ಮುಗಿಸಲಿ.

ಟರ್ಮಿನಲ್ ಹುಡುಗ:
"ಹಾಕಿ ಮುಗಿಸಲಿ" ಅಂತೀರಿ, ಮುಗಿಯೋದೆಲ್ಲಿ? ವರ್ಷಕ್ಕೊಂದು ದೊಡ್ಡ ಅಪ್‌ಡೇಟ್ ಬಂದಾಗೆಲ್ಲ ಮತ್ತೆ ರೂಫಸ್, ಮತ್ತೆ ಪೆನ್‌ಡ್ರೈವ್. ಸೊಸೈಟಿ ಸೆಕ್ರೆಟರಿ ಹಾಲು ಅಳೀಬೇಕಾ, ಇದನ್ನ ಮಾಡಬೇಕಾ?

ಸರ್ವಿಸ್ ಬೆಂಚ್:
ವರ್ಷಕ್ಕೆ ಒಂದು ಗಂಟೆ ಕೆಲಸ. ಬರದಿದ್ರೆ ನಾನೇ ಮಾಡಿಕೊಡ್ತೀನಿ.

ತುಂಗಾತೀರ:
ಎಸ್‌ಎಸ್‌ಡಿ ಅಂತೂ ಈ ವಾರವೇ ಹಾಕಿಸ್ತೀನಿ. ಇಎಸ್‌ಯು ಈಗಲೇ ಆನ್ ಮಾಡ್ತಿದೀನಿ. ರ‍್ಯಾಮ್ ಮೇಲೆ ಡಿಡಿಆರ್3ಎಲ್ ಅಂತ ಇದೆ, 8 ಜಿಬಿದು ಹಳೇದು ಸಿಗುತ್ತಾ?

ಸರ್ವಿಸ್ ಬೆಂಚ್:
ಸಿಗುತ್ತೆ. ಹಿಂದಿನ ಮುಚ್ಚಳ ತೆಗೆದು ಸ್ಲಾಟ್ ಎಷ್ಟಿದೆ ನೋಡಿ, ಫೋಟೋ ಹಾಕಿ. ಡಿಸ್ಕ್ ಬದಲಿಸೋ ಮೊದಲು ಫೈಲ್ ಎಲ್ಲಾ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ.

ಅಕ್ಷರ ಡಿಟಿಪಿ:
ನುಡಿ ಫಾಂಟ್ ಫೋಲ್ಡರ್ ಕೂಡ. ಫಾಂಟ್ ಹೋದ್ರೆ ಯಾವ ಕನ್ವರ್ಟರೂ ಕೈ ಹಿಡಿಯಲ್ಲ.

ಟರ್ಮಿನಲ್ ಹುಡುಗ:
ಕನ್ವರ್ಟರ್ ನೋಡೋದು ಅಕ್ಷರದ ಕೋಡನ್ನ, ಫಾಂಟನ್ನಲ್ಲ. ಇಷ್ಟು ಹೊತ್ತು ಹೇಳಿದ್ದು ಇದನ್ನೇ.