ಫುಟ್‌ಪಾತ್ ತುಂಬ ಬೈಕು, ಅಮ್ಮ ನಡೆಯೋದೆಲ್ಲಿ? ರಸ್ತೆ ಎಂಜಿನಿಯರ್‌ಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಬೆಂಗಳೂರಿನ ಜಯನಗರದಲ್ಲಿ. ಅಮ್ಮನಿಗೆ 71 ವರ್ಷ, ಮಂಡಿ ನೋವು. ಆದರೂ ದಿನಾ ಬೆಳಿಗ್ಗೆ ಹಾಲಿನ ಬೂತ್‌ಗೆ ನಡೆದೇ ಹೋಗುತ್ತಾರೆ. ದಾರಿಯಲ್ಲಿ ಒಂದು ಹೋಟೆಲ್ ಇದೆ, ಅದರ ಮುಂದೆ ಫುಟ್‌ಪಾತ್ ತುಂಬ ಬೈಕು, ಸ್ಕೂಟರ್. ಹೋದ ವಾರ ಎರಡು ಬೈಕುಗಳ ನಡುವೆ ನುಸುಳುವಾಗ ಅವರ ಸೆರಗು ಬ್ರೇಕ್ ಲಿವರ್‌ಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ರಸ್ತೆಗೆ ಇಳಿದರೆ, ಹಿಂದಿನಿಂದ ಬಂದ ಆಟೋ ಮೊಣಕೈ ಸವರಿಕೊಂಡು ಹೋಯಿತು. ಪುಣ್ಯಕ್ಕೆ ಬೀಳಲಿಲ್ಲ. ಈಗ ಒಬ್ಬರೇ ಹೋಗಲು ಹೆದರುತ್ತಾರೆ. ಹೋಟೆಲ್‌ನವರನ್ನು ಕೇಳಿದರೆ, "ಎರಡೇ ನಿಮಿಷ ಮೇಡಂ, ಕಾಫಿ ಕುಡಿದು ಹೊರಟುಬಿಡ್ತಾರೆ" ಅಂತಾರೆ. ಕಾನೂನು ಏನು ಹೇಳುತ್ತದೆ? ಕಂಬ ನೆಟ್ಟರೆ ಸರಿಹೋಗುತ್ತಾ?

ಉತ್ತರ: ಅಮ್ಮನಿಗೆ ಪೆಟ್ಟಾಗಲಿಲ್ಲ, ಸಮಾಧಾನ ಆಯಿತು ಮೇಡಂ. ಆದರೆ ಈ ಹೆದರಿಕೆಯಿಂದ ಅವರು ನಡೆಯುವುದನ್ನೇ ಬಿಡಬಾರದು.

ಕಾನೂನಿನಲ್ಲಿ ಗೊಂದಲವೇ ಇಲ್ಲ. ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಬಾರದು ಎಂದು 2017ರ ಚಾಲನಾ ನಿಯಮಗಳಲ್ಲಿದೆ. ಎರಡು ನಿಮಿಷವಾದರೂ ತಪ್ಪು ತಪ್ಪೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ (ಜೀವಿಸುವ ಹಕ್ಕು) ಪಾದಚಾರಿಗಳ ಹಕ್ಕು ಎಂದಿತು. ಇದು ಸಣ್ಣ ವಿಷಯ ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಜನ ಪಾದಚಾರಿಗಳು.

ಇನ್ನು ಕಂಬದ ವಿಷಯ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಕಾರು ಸುಮಾರು 1.7 ಮೀಟರ್ ಅಗಲ, ಅದನ್ನು ಕಂಬ ತಡೆಯುತ್ತದೆ. ಬೈಕನ್ನು ತಡೆಯುವುದಿಲ್ಲ. ವೀಲ್‌ಚೇರ್ ಹೋಗುವಷ್ಟು ಜಾಗ ಬಿಡಲೇಬೇಕು, ಅಷ್ಟು ಬಿಟ್ಟರೆ ಬೈಕಿನ ಹ್ಯಾಂಡಲ್ಲೂ ತೂರುತ್ತದೆ. ಬೈಕು ಬರದಂತೆ ಕಂಬಗಳನ್ನು ಒತ್ತೊತ್ತಾಗಿ ನೆಟ್ಟರೆ, ವೀಲ್‌ಚೇರ್‌ನಲ್ಲಿ ಬಂದವರು ಹೊರಗೇ ಉಳಿಯುತ್ತಾರೆ. ಅಂಥ ಕಂಬಗಳನ್ನು ನಾನೇ ನಿಂತು ಕೀಳಿಸಿದ್ದೇನೆ.

ಅದಕ್ಕೇ ನಾನು ಮೊದಲು ನೋಡುವುದು ಬೈಕು ಎಲ್ಲಿಂದ ಹತ್ತುತ್ತದೆ ಅಂತ. ಅಂಚುಕಲ್ಲು ನೆಟ್ಟಗೆ 15 ಸೆಂಟಿಮೀಟರ್ ಇದ್ದರೆ ಸ್ಕೂಟರ್ ಸುಲಭವಾಗಿ ಹತ್ತುವುದಿಲ್ಲ, ಹೊಟ್ಟೆ ತಾಗುತ್ತದೆ. ಹಾಗಾಗಿ ಎಲ್ಲೋ ಒಂದು ಕಡೆ ಯಾರೋ ಒಂದು ಬುಟ್ಟಿ ಸಿಮೆಂಟ್ ಸುರಿದು ಇಳಿಜಾರು ಮಾಡಿರುತ್ತಾರೆ, ಇಲ್ಲವೇ ಒಡೆದ ಚಪ್ಪಡಿ ಒರಗಿಸಿರುತ್ತಾರೆ. ಅದನ್ನು ತೆಗೆಸಿದರೆ ಅರ್ಧ ಕೆಲಸ ಆದಂತೆ. ಹಾಗಂತ ಅಂಚನ್ನು ಇನ್ನೂ ಎತ್ತರಿಸಿ ಎಂದು ಮಾತ್ರ ಕೇಳಬೇಡಿ. ಒಂದೊಂದು ಅಡಿ ಎತ್ತರದ ಫುಟ್‌ಪಾತ್ ಹತ್ತಲಾಗದೆ ಎಷ್ಟೋ ವಯಸ್ಸಾದವರು ರಸ್ತೆಯಲ್ಲೇ ನಡೆಯುತ್ತಾರೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯೂ ಅಂಚು 15 ಸೆಂಟಿಮೀಟರ್ ದಾಟಬಾರದು, ನಡೆಯಲು ಅಡ್ಡಿಯಿಲ್ಲದ 1.8 ಮೀಟರ್ ಅಗಲ ಬೇಕು ಎನ್ನುತ್ತದೆ.

ಒಂದು ಟೇಪ್ ತಗೊಂಡು ಹೋಗಿ. ಫುಟ್‌ಪಾತ್ ಅಗಲ ಎಷ್ಟು, ಗಾಡಿ ನಿಂತಾಗ ಎಷ್ಟು ಉಳಿಯುತ್ತದೆ, ಹತ್ತುವ ಜಾಗ ಯಾವುದು, ಇಷ್ಟನ್ನು ಬರೆದುಕೊಳ್ಳಿ.

ಇನ್ನೊಬ್ಬ ಸದಸ್ಯರು: ಸರ್, ನಾನು ಕಾರಿನವನು. ನಮ್ಮ ಬೀದಿ ಕಿರಿದು. ಬೇರೆ ಗಾಡಿಗಳಿಗೆ ದಾರಿಯಾಗಲಿ ಅಂತಲೇ ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸುತ್ತೇನೆ. ಅದೂ ತಪ್ಪಾ?

ಉತ್ತರ: ಹೌದು ಸರ್, ತಪ್ಪು. ನೀವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದೀರಿ, ಆದರೆ ದಾರಿ ಸಿಗುವುದು ಗಾಡಿಗೆ, ದಾರಿ ಇಲ್ಲವಾಗುವುದು ನಡೆಯುವವರಿಗೆ. ಪಾರ್ಕಿಂಗ್‌ಗೆ ಅವಕಾಶ ಇರುವ ಬೀದಿಯಾದರೆ ನಾಲ್ಕೂ ಚಕ್ರ ರಸ್ತೆಯಲ್ಲೇ ಇರಲಿ. ಬೀದಿ ಕಿರಿದಾದರೆ ಬರುವ ಗಾಡಿಗಳು ನಿಧಾನ ಮಾಡುತ್ತವೆ, ಮಾಡಲಿ. ಅಷ್ಟೂ ಜಾಗ ಇಲ್ಲದಿದ್ದರೆ ಅದು ಕಾರು ನಿಲ್ಲಿಸುವ ಬೀದಿಯೇ ಅಲ್ಲ. ಇನ್ನೊಂದು, ನಮ್ಮಲ್ಲಿ ಬಹಳ ಕಡೆ ಫುಟ್‌ಪಾತ್ ಅಂದರೆ ಮೋರಿ ಮೇಲೆ ಹಾಸಿದ ಚಪ್ಪಡಿ. ಜನ ನಡೆಯಲಿ ಅಂತ ಹಾಸಿದ್ದು. ಚಿಕ್ಕ ಕಾರೂ ಸುಮಾರು 700-800 ಕಿಲೋ ತೂಗುತ್ತದೆ. ಚಪ್ಪಡಿ ಇವತ್ತು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಅದೇ ಮುರಿದು, ಕತ್ತಲಲ್ಲಿ ಯಾರದೋ ಕಾಲು ಮೋರಿಯೊಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಅಲ್ಲಿಯವರೆಗೆ ಅಮ್ಮ ಏನು ಮಾಡಬೇಕು ಸರ್?

ಉತ್ತರ: ಸಾಧ್ಯವಾದರೆ ರಸ್ತೆಯ ಬಲಗಡೆ ನಡೆಯಲಿ. ಆಗ ಗಾಡಿಗಳು ಎದುರಿನಿಂದ ಬರುತ್ತವೆ, ಕಣ್ಣಿಗೆ ಬೀಳುತ್ತವೆ. ಬೈಕುಗಳ ಸಂದಿಯಿಂದ ರಸ್ತೆಗೆ ಇಳಿಯುವುದು ಮಾತ್ರ ಬೇಡವೇ ಬೇಡ. 40 ಕಿಲೋಮೀಟರ್ ವೇಗದ ಆಟೋ ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ, ಸಂದಿಯಿಂದ ಹೊರಬಂದವರು ಡ್ರೈವರ್‌ಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಬೈಕುಗಳ ಸಾಲು ಶುರುವಾಗುವ ಹತ್ತು ಹೆಜ್ಜೆ ಮೊದಲೇ ನಿಂತು, ನೋಡಿಕೊಂಡು, ಬಯಲಾಗಿರುವ ಜಾಗದಲ್ಲಿ ಇಳಿಯಲಿ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ): ಅಳೆದೆ ಸರ್. ಅಗಲ 2.1 ಮೀಟರ್. ಬೈಕುಗಳು ಅಡ್ಡ ನಿಂತಾಗ ಉಳಿಯುವುದು 30 ಸೆಂಟಿಮೀಟರ್. ಸಿಮೆಂಟ್ ಇಳಿಜಾರು ಹೋಟೆಲ್ ಬಾಗಿಲಲ್ಲಿಲ್ಲ, ಪಕ್ಕದ ಹೊಂಗೆ ಮರದ ಬುಡದಲ್ಲಿದೆ. ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ಉತ್ತರ: ತುಂಬ ಒಳ್ಳೆಯ ಕೆಲಸ ಮಾಡಿದಿರಿ. ಆ ಎರಡು ಅಳತೆಯೇ ಅರ್ಜಿಯ ಮೊದಲ ಸಾಲಾಗಲಿ. ಇಳಿಜಾರಿನ ಫೋಟೋ ಜೊತೆಗೆ ಪಾಲಿಕೆಯ ವಾರ್ಡ್ ಎಂಜಿನಿಯರ್‌ಗೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ನಂಬರ್ ಪ್ಲೇಟ್ ಕಾಣುವ ಫೋಟೋಗಳು ಸಂಚಾರ ಠಾಣೆಗೆ. ಅರ್ಜಿಯ ಕರಡು ಇಲ್ಲಿ ಹಾಕಿ ಮೇಡಂ, ನಾನು ನೋಡಿಕೊಡುತ್ತೇನೆ.