ಗಾಳಿಗೋಪುರಕ್ಕೆ ಅಡಿಪಾಯ

“ಅಪಾರ ಸಾಧ್ಯತೆ ಇದೆ!” ಎನ್ನುತ್ತಾ ಸೀನು ಮೊಬೈಲನ್ನು ನಮ್ಮ ಮೂಗಿಗೆ ಹಿಡಿದ. ಅಮೆರಿಕ-ಕೆನಡಾ ಗಡಿಯ ಈರಿ ಸರೋವರ, ಅದರ ತುಂಬ ಬಿಳಿ ಗಾಳಿಯಂತ್ರಗಳು. ಚಿತ್ರ ಬರೆದವನು ನೀರಿಗೆ ಒಂದು ಅಲೆಯನ್ನೂ ದಯಪಾಲಿಸಿರಲಿಲ್ಲ.

“ಸಾಧ್ಯತೆಗೇನು ಬರ? ನಿನ್ನ ಮೇಷ್ಟರು ನಿನ್ನಲ್ಲೂ ಅದನ್ನೇ ಕಂಡಿದ್ದರು,” ಎಂದರು ರಾಯರು.

“ಸಿಹಿನೀರು ರಾಯರೇ! ಉಪ್ಪಿಲ್ಲ, ತುಕ್ಕಿನ ಕಾಟ ಕಡಿಮೆ. ಸರಾಸರಿ ಆಳ 19 ಮೀಟರ್. ಕಂಬ ನೆಡುವುದು ಸಲೀಸು.”

“ಚಳಿಗಾಲದಲ್ಲಿ ಅದೇ ಸಿಹಿನೀರು ಸಮುದ್ರದ್ದಕ್ಕಿಂತ ಗಟ್ಟಿಯಾಗಿ ಹೆಪ್ಪುಗಟ್ಟಿ, ಗಾಳಿಗೆ ಸರಿದು ಬಂದು ಕಂಬಕ್ಕೆ ಗುದ್ದುತ್ತದಲ್ಲ?”

“ಉಪಾಯವಿದೆ. ನೀರಿನ ಮಟ್ಟದಲ್ಲಿ ಕಂಬಕ್ಕೆ ಇಳಿಜಾರಿನ ಕೊರಳಪಟ್ಟಿ ತೊಡಿಸುತ್ತಾರೆ. ಮಂಜುಗಡ್ಡೆ ಅದನ್ನು ಹತ್ತಲು ಹೋಗಿ, ಬಾಗಿ, ಮುರಿಯುತ್ತದೆ.” ಸೀನು ಲೋಟವನ್ನು ಬೋರಲು ಹಾಕಿ, ಶೇಷಪ್ಪನ ಜೇಬಿನ ಬಾಚಣಿಗೆಯನ್ನು ಅದಕ್ಕೆ ಒತ್ತಿದ. ಪಟ್ಟೆಂದಿತು. ಪ್ರಯೋಗ ಯಶಸ್ವಿ.

“ಇರಲಿ,” ಎಂದರು ರಾಯರು. “ಯಂತ್ರ ನೆಡುವ ಹಡಗು? ಸಮುದ್ರದಿಂದ ಈರಿಯತ್ತ ಬರುವ ಸೇಂಟ್ ಲಾರೆನ್ಸ್ ಜಲಮಾರ್ಗದ ಬಾಗಿಲುಗಳ ಅಗಲ ಸುಮಾರು 24 ಮೀಟರ್. ಸಮುದ್ರದಲ್ಲಿ ದುಡಿಯುವ ದೈತ್ಯ ಹಡಗು ಬಂದರೆ, ಹೊಸಿಲಲ್ಲಿ ಸಿಕ್ಕಿಕೊಂಡ ಮಂಚದ ಗತಿಯೇ.”

“ಆದರೂ ಈರಿ ದಡದ ಕ್ಲೀವ್‌ಲ್ಯಾಂಡ್ ಊರಿನ ಬಳಿ ‘ಐಸ್‌ಬ್ರೇಕರ್’ ಎಂಬ ಗಾಳಿಯಂತ್ರ ಯೋಜನೆಗೆ ಅನುಮತಿ ಸಿಕ್ಕಿತ್ತು!”

“ಆರೇ ಆರು ಯಂತ್ರಗಳಿಗೆ. 2020ರಲ್ಲಿ ಕೊಟ್ಟ ಅನುಮತಿಯ ಬಾಲದಲ್ಲಿ ಒಂದು ಷರತ್ತು: ಹಕ್ಕಿ, ಬಾವಲಿಗಳಿಗಾಗಿ ವರ್ಷದ ಎಂಟು ತಿಂಗಳು ರಾತ್ರಿ ತಿರುಗಕೂಡದು. ಗಾಳಿ ಬಂದಾಗ ತೂರಿಕೋ ಎಂದು ನಮ್ಮವರು ಹೇಳಿದರು. ಅಲ್ಲಿನವರು, ಗಾಳಿ ಬಂದಾಗ ಮಲಗಿಕೋ ಎಂದರು. ಯೋಜನೆಯವರು ಷರತ್ತು ಬಿಡಿಸಿಕೊಂಡು, 2022ರಲ್ಲಿ ಆ ಓಹಾಯೋ ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಗೆದ್ದು, 2023ರ ಡಿಸೆಂಬರಿನಲ್ಲಿ ಕೈಚೆಲ್ಲಿ ಕುಳಿತರು. ಎದುರುದಡದಲ್ಲಿರುವ ಕೆನಡಾದ ಒಂಟಾರಿಯೋ ಪ್ರಾಂತ 2011ರಲ್ಲೇ ಇಂಥವಕ್ಕೆ ತಡೆ ಹಾಕಿತ್ತು.”

ಶೇಷಪ್ಪ ಬಾಚಣಿಗೆಯ ತುಂಡುಗಳನ್ನು ಜೋಡಿಸಿ ನೋಡುತ್ತಿದ್ದ. “ಹಾಗಾದರೆ ಇದು ಎಲ್ಲೂ ಆಗಿಯೇ ಇಲ್ಲವೇ?”

“ಆಗಿದೆಯಪ್ಪ. ಸ್ವೀಡನ್ನಿನ ವೇನರ್ನ್ ಸರೋವರದಲ್ಲಿ ಹತ್ತು ಯಂತ್ರಗಳಿವೆ. ನೆದರ್‌ಲೆಂಡ್ಸಿನ ಐಸೆಲ್‌ಮೇರ್‌ನಲ್ಲಿ 2021ರಲ್ಲಿ 89 ಯಂತ್ರಗಳು ಬಂದವು. ಅವರು 1932ರಲ್ಲಿ ಕಡಲಿಗೇ ಒಡ್ಡು ಕಟ್ಟಿ ಅದನ್ನು ಸರೋವರ ಮಾಡಿದ ಜನ. ತಿರುಗುವ ರೆಕ್ಕೆ ತೋರಿಸು ಸೀನು, ಕೈಮುಗಿಯುತ್ತೇನೆ. ಸಾಧ್ಯತೆ ತೋರಿಸಬೇಡ.”

ಸೀನು ಮೊಬೈಲು ಜೇಬಿಗಿಳಿಸಿದ. “ನಿಮ್ಮ ಬಾಚಣಿಗೆ ಮುರಿದೆ, ಹೊಸದು ತಂದುಕೊಡುತ್ತೇನೆ.”

“ಬೇಡ ಬಿಡು,” ಎಂದು ಶೇಷಪ್ಪ ನುಣ್ಣನೆಯ ತಲೆಯ ಮೇಲೆ ಕೈಯಾಡಿಸಿಕೊಂಡ. “ಅದನ್ನೂ ಸಾಧ್ಯತೆಯ ಮೇಲೆಯೇ ಇಟ್ಟುಕೊಂಡಿದ್ದೆ.”